ಗುಳ್ಳೆ ಎಲ್ಲರಿಗೂ ಕಾಣುತ್ತದೆ

ಹೊಟ್ಟೆನೋವು ಅಂದರೆ ಜನ "ಡಾಕ್ಟ್ರಿಗೆ ತೋರಿಸು" ಅನ್ನುತ್ತಾರೆ. ಮೈಮೇಲೆ ಗುಳ್ಳೆ ಎದ್ದರೆ ಮಾತ್ರ ಎಲ್ಲರೂ ಡಾಕ್ಟ್ರೇ. ನನ್ನ ತಂಗಿಗೆ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿ ಬೀಳುವ ಕಾಯಿಲೆ) ಇರುವುದು ಕೆಲವು ವರ್ಷಗಳಿಂದ ಗೊತ್ತಿತ್ತು. ಮೊದಲ ಮಗು ಹುಟ್ಟಿದ ಮೇಲೆ ಗಂಟುನೋವು, ಸುಸ್ತು, ಕೂದಲು ಉದುರುವುದು ಎಲ್ಲ ಶುರುವಾಗಿತ್ತು. ಕಾಯಿಲೆಗೆ ಹೆಸರು ಸಿಗುವುದಕ್ಕೇ ತುಂಬಾ ಸಮಯ ಹಿಡಿಯಿತು. ಆಗೆಲ್ಲ ಅವಳಿಗೆ ಸಲಹೆ ಕೊಟ್ಟವರು ಕಡಿಮೆ. ಗಂಟುನೋವು ಯಾರ ಕಣ್ಣಿಗೂ ಬೀಳುವುದಿಲ್ಲ ಅಲ್ವಾ? "ಬಾಣಂತನದಲ್ಲಿ ಸರಿಯಾಗಿ ಮಲಗಿಲ್ಲ ಇವಳು" ಅನ್ನುವ ಒಂದು ಮಾತು ಬಿಟ್ಟರೆ ಊರು ಸುಮ್ಮನಿತ್ತು. ಕುತ್ತಿಗೆ, ಎದೆ, ತೋಳುಗಳ ಮೇಲೆ ನೀರುಗುಳ್ಳೆ ಎದ್ದಾಗ ಇಡೀ ಊರಿಗೆ ಮಾತು ಬಂತು. ಅಡಿಕೆ ಸುಲಿಯೋಕೆ ಬಂದವರು, ಹಾಲಿನ ಸೊಸೈಟಿಯಲ್ಲಿ ಸಿಕ್ಕವರು, ಫೋನಿನಲ್ಲಿ ಬೇರೆ ಯಾವುದೋ ವಿಷಯ ಮಾತಾಡೋಕೆ ಕರೆ ಮಾಡಿದವರು, ಎಲ್ಲರಿಗೂ ಒಂದೊಂದು ಕಾರಣ ಗೊತ್ತಿತ್ತು. ಬದನೆಕಾಯಿ ತಿಂದದ್ದು. ಮೀನು ತಿಂದ ಮನೆಯಲ್ಲಿ ಹಾಲು ಕುಡಿದದ್ದು. ಉಷ್ಣ. ನಾಗನ ಕಲ್ಲಿನ ಹತ್ತಿರ ಗಲೀಜು ಮಾಡಿದ್ದು. ಯಾವ ನಾಗನ ಕಲ್ಲು, ಯಾವಾಗ ಅಂತ ಕೇಳಿದರೆ ಉತ್ತರ ಇಲ್ಲ. ಗೊತ್ತಿಲ್ಲದೆ ಆಗಿರುತ್ತದಂತೆ.

ಇದನ್ನು ಬರೆಯುತ್ತಿರುವುದು ಊರಿನವರನ್ನು ಬೈಯುವುದಕ್ಕಲ್ಲ. ಅವರಲ್ಲಿ ಅರ್ಧ ಜನ ಬರುವಾಗ ಏನಾದರೂ ಹಿಡಿದುಕೊಂಡೇ ಬಂದಿದ್ದರು. ಒಬ್ಬರು ಎಳನೀರು, ಇನ್ನೊಬ್ಬರು ಕಹಿಬೇವಿನ ಸೊಪ್ಪು. ನನ್ನನ್ನು ಕಾಡುವುದು ಬೇರೆ. ಆ ಸಮಯದಲ್ಲಿ ಅವಳ ಮೈಯಲ್ಲಿ ಎರಡು ಕಡೆ ಬೆಂಕಿ ಹತ್ತಿತ್ತು. ಒಂದು ಚರ್ಮದಲ್ಲಿ, ಇನ್ನೊಂದು ಕಿಡ್ನಿಯಲ್ಲಿ. ಕಾಣುವ ಬೆಂಕಿಗೆ ನೂರು ಜನ ಓಡಿ ಬಂದರು. ಕಾಣದ್ದನ್ನು ಹುಡುಕಿದ್ದು ಒಬ್ಬರು ಡಾಕ್ಟ್ರು. ಚರ್ಮ ವಾಸಿಯಾದ ದಿನದಿಂದ ಆ ನೂರು ಜನರ ಲೆಕ್ಕದಲ್ಲಿ ಅವಳ ಕಾಯಿಲೆಯೂ ಮುಗಿದಿದೆ.

ಸರ್ಪಸುತ್ತು ಅಂದರು

ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ಸರ್ಪಸುತ್ತು ಅಂದರು. ಹರ್ಪಿಸ್ ವೈರಸ್ಸಿನ ಮಾತ್ರೆ ಬರೆದುಕೊಟ್ಟರು. ಅದು ಪೂರ್ತಿ ದಡ್ಡತನದ ಊಹೆ ಅಂತ ಹೇಳೋಕಾಗುವುದಿಲ್ಲ. ಲೂಪಸ್ ಇರುವವರಿಗೆ, ಅದರಲ್ಲೂ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ, ಸರ್ಪಸುತ್ತು ಬರುವುದು ಉಳಿದವರಿಗಿಂತ ಜಾಸ್ತಿ. ಲೂಪಸ್ ಇರುವವರ ಮೈಮೇಲೆ ಗುಳ್ಳೆ ಕಂಡರೆ ಮೊದಲು ಅದನ್ನು ನೆನೆಸಿಕೊಳ್ಳಬೇಕು. ಆದರೆ ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಬದಿಯಲ್ಲಿ, ಒಂದು ನರದ ದಾರಿ ಹಿಡಿದು, ಪಟ್ಟಿಯ ಹಾಗೆ ಏಳುತ್ತದೆ. ನಡು ಗೆರೆ ದಾಟುವುದು ಅಪರೂಪ. ತಂಗಿಗೆ ಎರಡೂ ತೋಳು, ಎರಡೂ ಭುಜ, ಕುತ್ತಿಗೆಯ ಸುತ್ತ, ಬಾಯಿಯ ಒಳಗೂ ಎದ್ದಿತ್ತು. ಮಾತ್ರೆಗೆ ಬಗ್ಗಲಿಲ್ಲ. ದಿನಾ ಹೊಸದು ಏಳುತ್ತಿತ್ತು. ಕೆಲವು ಸಾಸಿವೆಯಷ್ಟು, ಕೆಲವು ದ್ರಾಕ್ಷಿಯಷ್ಟು. ಮುಟ್ಟಿದರೆ ಬಿಗಿಯಾಗಿರುತ್ತಿತ್ತು, ಸುಲಭಕ್ಕೆ ಒಡೆಯುತ್ತಿರಲಿಲ್ಲ. ಸುತ್ತಲಿನ ಚರ್ಮ ಕೆಂಪಾದದ್ದೂ ಇತ್ತು, ಏನೂ ಆಗದೆ ಚೆನ್ನಾಗಿದ್ದ ಚರ್ಮದ ಮೇಲೂ ಏಳುತ್ತಿತ್ತು.

ಮಂಗಳೂರಿಗೆ ಕರೆದುಕೊಂಡು ಹೋದಾಗ ನಾನು ಬೆಂಗಳೂರಿನಿಂದ ಬಂದು ಜೊತೆಗಿದ್ದೆ. ಚರ್ಮದ ಡಾಕ್ಟ್ರು ಮಧ್ಯವಯಸ್ಸಿನ ಹೆಂಗಸು, ಮಾತು ಕಡಿಮೆ. ಗುಳ್ಳೆ ಇಲ್ಲದ ಕಡೆ ತಂಗಿಯ ಚರ್ಮವನ್ನು ಹೆಬ್ಬೆರಳಿನಿಂದ ಒತ್ತಿ ಸ್ವಲ್ಪ ಪಕ್ಕಕ್ಕೆ ಜಾರಿಸಿ ನೋಡಿದರು. ಮೇಲಿನ ಪದರ ಕಿತ್ತು ಬರಲಿಲ್ಲ. "ಪೆಂಫಿಗಸ್ ಅನ್ನಿಸ್ತಾ ಇಲ್ಲ" ಅಂದರು. ಪೆಂಫಿಗಸ್‌ನಲ್ಲಿ ಚರ್ಮದ ಮೇಲಿನ ಪದರದ ಜೀವಕೋಶಗಳೇ ಒಂದರಿಂದ ಇನ್ನೊಂದು ಬಿಟ್ಟುಹೋಗುತ್ತವೆ. ಅದರ ಗುಳ್ಳೆ ಸಡಿಲ, ಬೇಗ ಒಡೆದು ಹಸಿ ಗಾಯ ಆಗುತ್ತದೆ. ಆಮೇಲೆ ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದೀರಾ ಅಂತ ಕೇಳಿದರು. ಫಿಟ್ಸ್‌ಗೆ, ಯೂರಿಕ್ ಆಸಿಡ್‌ಗೆ, ಸಲ್ಫಾ ಆಂಟಿಬಯಾಟಿಕ್? ಇಲ್ಲ. ಕಣ್ಣು ಉರಿ? ಇಲ್ಲ. ಚರ್ಮ ಹಾಳೆ ಹಾಳೆಯಾಗಿ ಸುಲಿದು ಬರುತ್ತಾ ಇದೆಯಾ? ಇಲ್ಲ. ಆ ಮೂರು ಪ್ರಶ್ನೆ ಯಾಕೆ ಅಂತ ಆಮೇಲೆ ಗೊತ್ತಾಯಿತು. ಔಷಧಿಯ ಅಡ್ಡಪರಿಣಾಮದಿಂದಲೋ, ಲೂಪಸ್‌ನಿಂದಲೇ ಆಗಲಿ, ಚರ್ಮ ಸುಟ್ಟಂತೆ ಹಾಳೆಯಾಗಿ ಏಳುವ ಒಂದು ಸ್ಥಿತಿ ಇದೆ. ಅದಾದರೆ ಓಪಿಡಿಯಲ್ಲಿ ಟೋಕನ್ ಹಿಡಿದು ಕೂರುವ ಮಾತೇ ಇಲ್ಲ, ನೇರ ಐಸಿಯು. ಲೂಪಸ್ ಇರುವ ಯಾರಿಗಾದರೂ ಹೊಸ ಮಾತ್ರೆ ಶುರುವಾದ ಮೇಲೆ ಬಾಯಿ, ಕಣ್ಣು, ಚರ್ಮ ಮೂರೂ ಒಟ್ಟಿಗೆ ಕೆಟ್ಟರೆ ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಈ ಒಂದು ಮಾತನ್ನು ಮಾತ್ರ ಯಾರು ಕೇಳಿದರೂ ಹೇಳುತ್ತೇನೆ.

ಆಮೇಲೆ ಬಯಾಪ್ಸಿ. ಎರಡು ಕಡೆಯಿಂದ ಚೂರು ತೆಗೆದರು. ಒಂದು ಹೊಸ ಗುಳ್ಳೆಯ ಅಂಚಿನಿಂದ. ಇನ್ನೊಂದು ಗುಳ್ಳೆಯ ಪಕ್ಕದ, ನೋಡೋಕೆ ಏನೂ ಆಗದ ಚರ್ಮದಿಂದ. ಎರಡನೆಯದು ಯಾಕೆ ಬೇಕು ಅಂತ ತಂಗಿಯೇ ಕೇಳಿದಳು. ಗುಳ್ಳೆ ಆದ ಜಾಗದಲ್ಲಿ ಎಲ್ಲ ಹಾಳಾಗಿರುತ್ತದೆ, ಯಾರು ಹಾಳು ಮಾಡಿದರು ಅಂತ ಪಕ್ಕದ ಚರ್ಮದಲ್ಲೇ ಚೆನ್ನಾಗಿ ಕಾಣುವುದು ಅಂದರು. ಎರಡು ಬಾಟಲಿಗಳಿದ್ದವು. ಮೊದಲ ಚೂರು ಫಾರ್ಮಲಿನ್‌ಗೆ. ಎರಡನೆಯದು ಬೇರೆ ದ್ರಾವಣಕ್ಕೆ. ನರ್ಸಿಗೆ ಅವರು ಮತ್ತೆ ಮತ್ತೆ ಹೇಳಿದ್ದು ಇದನ್ನೇ, "ಇದು ಫಾರ್ಮಲಿನ್‌ಗೆ ಬೀಳಬಾರದು." ಬಿದ್ದರೆ ಇಮ್ಯುನೊಫ್ಲೋರೆಸೆನ್ಸ್ ಅನ್ನುವ ಪರೀಕ್ಷೆ ಮಾಡೋಕೆ ಬರುವುದಿಲ್ಲ. ಸಣ್ಣ ಊರುಗಳಲ್ಲಿ ಎರಡನ್ನೂ ಒಂದೇ ಬಾಟಲಿಗೆ ಹಾಕಿ ಕಳಿಸುವುದು ನಡೆಯುತ್ತದಂತೆ. ಆಗ ಮತ್ತೆ ಕೊಯ್ಯಬೇಕು.

ಎದ್ದು ಹೊರಡುವಾಗ ಇನ್ನೊಂದು ಚೀಟಿ ಕೊಟ್ಟರು. ಮೂತ್ರ ಪರೀಕ್ಷೆ. ಪ್ರೋಟೀನ್, ಕ್ರಿಯಾಟಿನಿನ್, ಮತ್ತೆ ರಕ್ತದಲ್ಲಿ ಸಿ3, ಸಿ4 ಅನ್ನುವ ರಕ್ಷಣಾ ವ್ಯವಸ್ಥೆಯ ಪ್ರೋಟೀನ್‌ಗಳು. ಜೊತೆಗೆ ಬಂದಿದ್ದ ತಂಗಿಯ ಅತ್ತೆ ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು ಕೇಳಿದರು, "ಬೊಬ್ಬೆ ಬಂದದ್ದು ಮೈಮೇಲೆ. ಮೂತ್ರ ಎಂತಕ್ಕೆ ಕೇಳಿದ್ದು ಇವರು?" ಆಸ್ಪತ್ರೆಯವರು ಸುಮ್ನೆ ಬಿಲ್ಲು ಬೆಳೆಸುತ್ತಿದ್ದಾರೆ ಅನ್ನುವುದು ಅವರ ಅನುಮಾನ. ಆ ಕ್ಷಣದಲ್ಲಿ ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಪದರ ಬಿಟ್ಟುಕೊಳ್ಳುವುದು

ರಿಪೋರ್ಟ್ ಬಂದಾಗ ಹೆಸರು ಗೊತ್ತಾಯಿತು. ಬುಲ್ಲಸ್ ಸಿಸ್ಟಮಿಕ್ ಲೂಪಸ್, ಅಂದರೆ ಗುಳ್ಳೆ ಏಳುವ ಲೂಪಸ್. ಲೂಪಸ್ ಇರುವವರಲ್ಲಿ ನೂರಕ್ಕೆ 5ಕ್ಕಿಂತ ಕಡಿಮೆ ಜನರಿಗೆ ಬರುವಂಥದ್ದು. ನಮ್ಮ ಚರ್ಮದ ಮೇಲಿನ ಪದರವನ್ನು ಕೆಳಗಿನ ಪದರಕ್ಕೆ ಕಟ್ಟಿ ಹಿಡಿದಿರುವುದು ತೀರಾ ಸಣ್ಣ ಎಳೆಗಳು. ಕೌದಿಯ ಮೇಲಿನ ಬಟ್ಟೆಯನ್ನೂ ಒಳಗಿನ ಬಟ್ಟೆಯನ್ನೂ ದಾರ ಹಿಡಿದಿಟ್ಟ ಹಾಗೆ. ಆ ಎಳೆಗಳು 7ನೇ ಬಗೆಯ ಕೊಲಾಜೆನ್‌ನಿಂದ ಆಗಿರುತ್ತವೆ. ಲೂಪಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿ ಬೀಳುತ್ತದೆ ಅನ್ನುವುದು ಈಗ ಬಹಳ ಜನರಿಗೆ ಗೊತ್ತು. ಈ ಬಗೆಯಲ್ಲಿ ಅದು ಬೀಳುವುದು ಈ ಎಳೆಗಳ ಮೇಲೆ. ಆ್ಯಂಟಿಬಾಡಿ ಬಂದು ಅಂಟಿಕೊಳ್ಳುತ್ತದೆ, ಅದರ ಹಿಂದೆ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಗುಂಪುಗಟ್ಟಿಕೊಂಡು ಬರುತ್ತವೆ, ಹೊಲಿಗೆ ಬಿಚ್ಚುತ್ತದೆ, ನಡುವೆ ನೀರು ತುಂಬುತ್ತದೆ. ಗುಳ್ಳೆಯ ಮಾಡು (ಚಾವಣಿ) ದಪ್ಪಗಿರುವುದರಿಂದ ಅದು ಬಿಗಿಯಾಗಿ ನಿಲ್ಲುತ್ತದೆ. ಮುಟ್ಟಿದರೆ ಹರಡುವ ಯಾವ ಸೂಕ್ಷ್ಮಜೀವಿಯೂ ಇದರಲ್ಲಿ ಇಲ್ಲ. ಹಾಗಿದ್ದರೂ ತಂಗಿಯ ಮಗಳನ್ನು ಅಷ್ಟು ದಿನ ಅಜ್ಜಿಮನೆಯಲ್ಲಿ ಇಟ್ಟಿದ್ದರು. ತಂಗಿ ಅದಕ್ಕೆ ಅತ್ತಷ್ಟು ಗುಳ್ಳೆಯ ನೋವಿಗೆ ಅಳಲಿಲ್ಲ.

ಪತ್ತೆ ಮಾಡುವ ರೀತಿ ನನಗೆ ಬಹಳ ಇಷ್ಟವಾಯಿತು. ಚರ್ಮದ ಒಂದು ಚೂರನ್ನು ಉಪ್ಪು ನೀರಿನಲ್ಲಿ ನೆನೆಹಾಕುತ್ತಾರೆ. ಅಡುಗೆಯ ಉಪ್ಪೇ, ಸೋಡಿಯಂ ಕ್ಲೋರೈಡ್. ಆಗ ಪದರಗಳು ತಾವಾಗಿ ಒಂದು ನಿಗದಿಯಾದ ಜಾಗದಲ್ಲಿ ಬಿಟ್ಟುಕೊಳ್ಳುತ್ತವೆ. ಆಮೇಲೆ ಹೊಳೆಯುವ ಬಣ್ಣ ಹಾಕಿ ನೋಡಿದರೆ ಆ್ಯಂಟಿಬಾಡಿ ಮೇಲೆ ಅಂಟಿದೆಯೋ ಕೆಳಗೋ ಅಂತ ಗೊತ್ತಾಗುತ್ತದೆ. ವಯಸ್ಸಾದವರಿಗೆ ಬರುವ ಬುಲ್ಲಸ್ ಪೆಂಫಿಗಾಯ್ಡ್‌ನಲ್ಲಿ ಮಾಡು ಹೊಳೆಯುತ್ತದೆ. ಇದರಲ್ಲಿ ನೆಲ ಹೊಳೆಯುತ್ತದೆ. 1983ರಲ್ಲಿ ಕಮೀಸಾ ಮತ್ತು ಶರ್ಮಾ ಅನ್ನುವ ಇಬ್ಬರು ವೈದ್ಯರು ಈ ಕಾಯಿಲೆಯನ್ನು ಗುರುತಿಸುವ ಲಕ್ಷಣಗಳನ್ನು ಬರೆದಿಟ್ಟರು. ದಾಳಿ ಆಗುತ್ತಿರುವುದು ಯಾವುದರ ಮೇಲೆ ಅನ್ನುವುದು ಬೆಳಕಿಗೆ ಬಂದದ್ದು ಅದರ ನಂತರ. ಅದಕ್ಕೂ ಹಿಂದಿನವರಿಗೆ ಏನಾಗುತ್ತಿತ್ತು, ಯಾವ ಹೆಸರಿಟ್ಟು ಕಳಿಸುತ್ತಿದ್ದರು ಅಂತ ಯೋಚಿಸುತ್ತೇನೆ. ನಮ್ಮ ಅಜ್ಜಿಯ ಕಾಲದಲ್ಲಾಗಿದ್ದರೆ ಒಂದೇ ಒಂದು ಕೋಣೆ, ಒಂದು ಚಾಪೆ.

ಬಾಳೆ ಎಲೆ, ಮೃತ್ತಿಕೆ

ಒಡೆದ ಗುಳ್ಳೆಗಳ ಮೇಲೆ ಬಟ್ಟೆ ಅಂಟುತ್ತಿತ್ತು. ರಾತ್ರಿ ಮಗ್ಗುಲು ಬದಲಾಯಿಸಿದರೆ ಹಾಸಿಗೆಯ ಬಟ್ಟೆ ಚರ್ಮ ಕಿತ್ತುಕೊಂಡೇ ಏಳುತ್ತಿತ್ತು. ವಾರ್ಡಿನಲ್ಲಿ ಒಬ್ಬ ಹಿರಿಯ ನರ್ಸ್ ಬಾಳೆ ಎಲೆ ತರಿಸಿದರು. ನಾನು ಮೊದಲು ತಮಾಷೆ ಅಂದುಕೊಂಡೆ. ಆದರೆ ಸುಟ್ಟಗಾಯಕ್ಕೂ ಗುಳ್ಳೆಯ ಕಾಯಿಲೆಗಳಿಗೂ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಬಾಳೆ ಎಲೆಯ ಡ್ರೆಸ್ಸಿಂಗ್ ಇದೆ. ಎಲೆ ತಂಪು, ಮೇಣದ ನುಣುಪು ಇರುವುದರಿಂದ ಗಾಯಕ್ಕೆ ಅಂಟುವುದಿಲ್ಲ, ತೆಗೆಯುವಾಗ ನೋವಿಲ್ಲ, ದುಡ್ಡೂ ಬೇಕಿಲ್ಲ. ಸುಮ್ಮನೆ ತೋಟದಿಂದ ಕೊಯ್ದು ಹಾಸುವುದಲ್ಲ. ಶುಚಿ ಮಾಡಿ, ಸ್ಟೆರಿಲೈಸ್ ಮಾಡಿದ್ದು ಬೇಕು. ಊಟಕ್ಕೆ ಹಾಸಿದ ಎಲೆಯ ಮೇಲೆ ಇಷ್ಟು ವರ್ಷ ಉಂಡವಳು, ಈಗ ಅದರ ಮೇಲೆ ಮಲಗಿಕೊಂಡು "ತುಪ್ಪ ಒಂದು ಬಡಿಸಿಬಿಡಿ ನನ್ನ ಮೇಲೆ" ಅಂದಳು. ಮೂರು ವಾರಗಳ ನಂತರ ಅವಳ ಬಾಯಲ್ಲಿ ಬಂದ ಮೊದಲ ಜೋಕ್ ಅದು. ಉಳಿದ ಉಪಚಾರ ಸರಳವಾಗಿತ್ತು. ದೊಡ್ಡ ಗುಳ್ಳೆಯನ್ನು ಶುದ್ಧ ಸೂಜಿಯಿಂದ ಚುಚ್ಚಿ ನೀರು ಬಿಡುತ್ತಿದ್ದರು, ಮೇಲಿನ ಚರ್ಮ ಕೀಳುತ್ತಿರಲಿಲ್ಲ. ಆ ಸತ್ತ ಚರ್ಮವೇ ಒಳ್ಳೆಯ ಬ್ಯಾಂಡೇಜು. ಸಲೈನ್‌ನಲ್ಲಿ ಅದ್ದಿದ ಬಟ್ಟೆ, ವ್ಯಾಸಲೀನ್. ಅಷ್ಟೇ.

ಅತ್ತೆಗೆ ಕುಕ್ಕೆಗೆ ಹೋಗಲೇಬೇಕಿತ್ತು. ನಮ್ಮ ಕಡೆ ಚರ್ಮದ ಕಾಯಿಲೆ ಅಂದರೆ ಸುಬ್ರಹ್ಮಣ್ಯ. ಆಶ್ಲೇಷ ಬಲಿ, ಸರ್ಪ ಸಂಸ್ಕಾರ, ಕುಮಾರಧಾರೆಯ ಸ್ನಾನ, ಹುತ್ತದ ಮಣ್ಣಿನ ಮೃತ್ತಿಕೆ ಪ್ರಸಾದ. ತಂಗಿಯ ಗಂಡನಿಗೆ ಇದರಲ್ಲಿ ನಂಬಿಕೆ ಇಲ್ಲ. ಮನೆಯಲ್ಲಿ ದೊಡ್ಡ ಜಗಳವೇ ಆಗುವುದರಲ್ಲಿತ್ತು. ಅತ್ತೆ ನೇರವಾಗಿ ಡಾಕ್ಟ್ರ ಹತ್ತಿರವೇ ಕೇಳಿಬಿಟ್ಟರು. ಅವರು ನಗಲೂ ಇಲ್ಲ, ಭಾಷಣ ಮಾಡಲೂ ಇಲ್ಲ. "ಹೋಗಿ ಬನ್ನಿ ಅಮ್ಮ. ಆದರೆ ಮಧ್ಯಾಹ್ನದ ಬಿಸಿಲಿಗೆ ಇವಳನ್ನ ಸಾಲಲ್ಲಿ ನಿಲ್ಲಿಸ್ಬೇಡಿ. ಗಾಯ ಒಣಗೋ ತನಕ ಹೊಳೆ ಸ್ನಾನ ಬೇಡ. ಮೃತ್ತಿಕೆ ಹಣೆಗೆ ಹಚ್ಚಿ, ಗಾಯಕ್ಕೆ ಬೇಡ. ಮಾತ್ರೆ ಒಂದು ದಿನವೂ ತಪ್ಪಬಾರದು." ಅತ್ತೆ ಆ ನಾಲ್ಕನ್ನೂ ಹಾಗೇ ಪಾಲಿಸಿದರು. ಪೇಟೆಯ ಡಾಕ್ಟ್ರೊಬ್ಬರು ಅವರ ಮಾತಿಗೆ ಮರ್ಯಾದೆ ಕೊಟ್ಟದ್ದು ಅದೇ ಮೊದಲಿರಬೇಕು. ಅವತ್ತಿನಿಂದ ಮಾತ್ರೆಯ ಡಬ್ಬಿ ಅವರ ಉಸ್ತುವಾರಿಗೆ ಬಂತು. ನಂಬಿಕೆಯ ಜೊತೆ ಜಗಳ ಆಡಿ ಗೆದ್ದವರನ್ನು ನಾನು ನೋಡಿಲ್ಲ. ಗಾಯದ ಮೇಲೆ ಮಣ್ಣು ಬೀಳದ ಹಾಗೆ ನೋಡಿಕೊಂಡವರನ್ನು ನೋಡಿದ್ದೇನೆ.

ಯಾರೂ ಹೆಸರು ಹೇಳದ ಮಾತ್ರೆ

ಇನ್ನು ಮಾತ್ರೆಯ ವಿಷಯ. ಡ್ಯಾಪ್ಸೋನ್. ಅಂಗಡಿಯಲ್ಲಿ ಚೀಟಿ ಕೊಟ್ಟಾಗ ಹುಡುಗ ಒಮ್ಮೆ ಚೀಟಿ ನೋಡಿದ, ಒಮ್ಮೆ ತಂಗಿಯ ಗಂಡನ ಕೈ ನೋಡಿದ. ಅವರು ಬಸ್ಸಿನಲ್ಲಿ ಕೂತು ಫೋನಿನಲ್ಲಿ ಹುಡುಕಿದ್ದಾರೆ. ಮೊದಲು ಬಂದದ್ದೇ ಕುಷ್ಠರೋಗ. ಮನೆಗೆ ಬಂದವರು ಯಾರಿಗೂ ಏನೂ ಹೇಳದೆ ಸ್ಟ್ರಿಪ್ಪನ್ನು ಕಾಗದದಲ್ಲಿ ಸುತ್ತಿ ಕಪಾಟಿನ ಮೇಲಿಟ್ಟರು. ರಾತ್ರಿ ನನಗೆ ಫೋನ್ ಮಾಡಿ ಪಿಸುಗುಟ್ಟಿದರು, "ಅಕ್ಕ, ಇವರು ನಮ್ಮಿಂದ ಏನಾದರೂ ಮುಚ್ಚಿಡ್ತಾ ಇದ್ದಾರಾ?"

ಮುಚ್ಚಿಡುವಂಥದ್ದೇನೂ ಇರಲಿಲ್ಲ. ಡ್ಯಾಪ್ಸೋನ್ ತಯಾರಾಗಿದ್ದು 1908ರಲ್ಲಿ, ಜರ್ಮನಿಯಲ್ಲಿ. ಎಷ್ಟೋ ವರ್ಷ ಅದರಿಂದ ಏನು ಉಪಯೋಗ ಅಂತಲೇ ಯಾರಿಗೂ ಗೊತ್ತಿರಲಿಲ್ಲ. 1941ರಲ್ಲಿ ಅಮೆರಿಕದ ಕಾರ್ವಿಲ್ ಅನ್ನುವಲ್ಲಿ ಅದರದೇ ಕುಟುಂಬದ ಪ್ರೊಮಿನ್ ಅನ್ನುವ ಔಷಧಿಯನ್ನು ಕುಷ್ಠರೋಗಿಗಳಿಗೆ ಕೊಟ್ಟು ನೋಡಿದರು. ಅಲ್ಲಿಂದ ಈ ಕುಟುಂಬದ ದೆಸೆ ತಿರುಗಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಿಗಳ ಒಟ್ಟು ಚಿಕಿತ್ಸೆಯನ್ನು ಶಿಫಾರಸು ಮಾಡಿದಾಗ ಅದರಲ್ಲಿ ಡ್ಯಾಪ್ಸೋನ್ ಕೂಡ ಸೇರಿತು. ಇವತ್ತಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದು ಉಚಿತ. ಇದೇ ಮಾತ್ರೆಗೆ ಇನ್ನೊಂದು ಗುಣ ಇದೆ, ಬ್ಯಾಕ್ಟೀರಿಯಾಕ್ಕೂ ಅದಕ್ಕೂ ಸಂಬಂಧ ಇಲ್ಲ. ಗುಂಪುಗಟ್ಟಿ ಬರುವ ನ್ಯೂಟ್ರೋಫಿಲ್‌ಗಳನ್ನು ಅದು ತಡೆಯುತ್ತದೆ, ಬಂದವು ಹಾನಿ ಮಾಡದ ಹಾಗೆ ಕೈ ಕಟ್ಟುತ್ತದೆ. ತಂಗಿಯ ಗುಳ್ಳೆಗಳ ಕೆಳಗೆ ತುಂಬಿದ್ದದ್ದು ಅವೇ. ಬರೀ ಸ್ಟೀರಾಯ್ಡ್‌ಗೆ ಈ ಗುಳ್ಳೆಗಳು ಅಷ್ಟಾಗಿ ಬಗ್ಗುವುದಿಲ್ಲ. ಡ್ಯಾಪ್ಸೋನ್‌ಗೆ ಬಗ್ಗುತ್ತವೆ. ಎಷ್ಟು ಬೇಗ ಅಂದರೆ ಒಂದೆರಡು ದಿನದಲ್ಲೇ ಹೊಸ ಗುಳ್ಳೆ ಏಳುವುದು ನಿಂತು ಹೋಗಬಹುದು ಅಂತ ಡಾಕ್ಟ್ರು ಹೇಳಿದ್ದರು. ನಾವು ನಂಬಿರಲಿಲ್ಲ. ಹಾಗೇ ಆಯಿತು. ಅಷ್ಟು ದಿನ ಪ್ರತಿ ಬೆಳಗ್ಗೆ ಕನ್ನಡಿಯ ಮುಂದೆ ಹೊಸ ಗುಳ್ಳೆ ಹುಡುಕುತ್ತಿದ್ದವಳಿಗೆ ಒಂದು ಬೆಳಗ್ಗೆ ಏನೂ ಸಿಗಲಿಲ್ಲ.

ಕುಷ್ಠದ ಹೆಸರು ಕೇಳಿದರೆ ಯಾಕಿಷ್ಟು ಹೆದರುತ್ತೇವೆ? ಚಿಕಿತ್ಸೆ ಶುರುವಾದ ಸ್ವಲ್ಪ ಸಮಯದಲ್ಲೇ ಹರಡುವುದು ನಿಲ್ಲುವ, 6 ಅಥವಾ 12 ತಿಂಗಳಲ್ಲಿ ವಾಸಿಯಾಗುವ ಕಾಯಿಲೆ ಅದು. ಆದರೂ ನಮ್ಮ ದೇಶದ ವೈಯಕ್ತಿಕ ಕಾನೂನುಗಳಲ್ಲಿ ಕುಷ್ಠ ಇದ್ದರೆ ವಿಚ್ಛೇದನ ಕೊಡಬಹುದು ಅಂತ ಬರೆದಿತ್ತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಮೊನ್ನೆ ಮೊನ್ನೆ. ಹಾಗಿರುವಾಗ ಬಸ್ಸಿನಲ್ಲಿ ಕೂತು ಫೋನ್ ನೋಡಿ ಹೆದರಿದ ಗಂಡನನ್ನು ನಾನು ಹೇಗೆ ಬೈಯಲಿ? "ಇದು ಕುಷ್ಠ ಅಲ್ಲ" ಅಂತ ಎಲ್ಲರಿಗೂ ಹೇಳಿಕೊಂಡು ಬಂದೆವು. ಹೇಳುವಾಗೆಲ್ಲ ನನಗೆ ಒಂಥರಾ ಇರುಸುಮುರುಸು. ಆಗಿದ್ದರೆ ಏನಾಗುತ್ತಿತ್ತು ಅನ್ನುವ ಪ್ರಶ್ನೆಗೆ ನಮ್ಮ ಮನೆಯಲ್ಲಿ ಯಾರೂ ಉತ್ತರ ಕೊಡಬೇಕಾಗಿ ಬರಲಿಲ್ಲ.

ಡ್ಯಾಪ್ಸೋನ್ ಏನು ಸಾಧು ಮಾತ್ರೆ ಅಲ್ಲ. ಕೊಡುವ ಮೊದಲು ಜಿ6ಪಿಡಿ ಅನ್ನುವ ಕಿಣ್ವದ ರಕ್ತಪರೀಕ್ಷೆ ಮಾಡಿಸಲೇಬೇಕು. ಆ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಿಗೆ ಈ ಮಾತ್ರೆಯಿಂದ ಕೆಂಪು ರಕ್ತಕಣಗಳು ರಾಶಿ ರಾಶಿ ಒಡೆಯುತ್ತವೆ. ಕಿಣ್ವ ಸರಿಯಿದ್ದವರಿಗೂ ಹಿಮೋಗ್ಲೋಬಿನ್ 1ರಿಂದ 2 ಗ್ರಾಂ ಇಳಿಯುವುದು ಮಾಮೂಲಿ. ನಮ್ಮ ಹೆಂಗಸರಲ್ಲಿ ಇಳಿಯೋಕೆ ಎಷ್ಟಿರುತ್ತದೆ ಹೇಳಿ! ಅದಕ್ಕೇ ಸಣ್ಣ ಡೋಸಿನಿಂದ ಶುರು ಮಾಡಿ, ಮೊದಮೊದಲು ವಾರ ವಾರ ರಕ್ತ ನೋಡುತ್ತಾರೆ. ಮೊದಲ ಕೆಲವು ವಾರಗಳಲ್ಲಿ ಜ್ವರ, ಮೈತುಂಬ ದದ್ದು, ಕಣ್ಣು ಹಳದಿ ಆದರೆ ಮಾತ್ರೆ ನಿಲ್ಲಿಸಿ ಓಡಬೇಕು. ಅದು ಜೀವಕ್ಕೇ ಬರುವ ಅಲರ್ಜಿ. ಕೆಲವರ ವಂಶವಾಹಿಯಲ್ಲೇ ಅದರ ಸುಳಿವು ಇರುತ್ತದೆ ಅಂತ 2013ರಲ್ಲಿ ಚೀನಾದ ಕುಷ್ಠರೋಗಿಗಳ ಅಧ್ಯಯನದಿಂದ ತಿಳಿಯಿತು. ಡ್ಯಾಪ್ಸೋನ್ ಆಗದವರಿಗೆ, ಅದಕ್ಕೂ ಬಗ್ಗದ ಗುಳ್ಳೆಗಳಿಗೆ ರಿಟುಕ್ಸಿಮ್ಯಾಬ್‌ನಂಥ ಇಂಜೆಕ್ಷನ್ ಕೊಡುವುದುಂಟು. ದುಬಾರಿ.

ಒಂದು ಸಂಜೆ ಅವಳ ತುಟಿ ನೀಲಿ ಕಂಡಿತು. ಕೊರೊನಾ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿದರೆ 91. ಮನೆಯಲ್ಲಿ ಎಲ್ಲರಿಗೂ 2021ರ ನೆನಪು. ಆದರೆ ಅವಳು ಆರಾಮಾಗಿ ಕೂತು ಮಗಳ ಜಡೆ ಹಾಕುತ್ತಿದ್ದಳು, ಉಸಿರಿನ ತೊಂದರೆ ಏನೂ ಇಲ್ಲ. ಡಾಕ್ಟ್ರು ಫೋನಿನಲ್ಲೇ ಹೇಳಿದರು, ಡ್ಯಾಪ್ಸೋನ್ ಹಿಮೋಗ್ಲೋಬಿನ್ನಿನ ಒಂದು ಭಾಗವನ್ನು ಬೇರೆ ರೂಪಕ್ಕೆ ತಿರುಗಿಸುತ್ತದೆ, ಆ ರೂಪ ಆಕ್ಸಿಜನ್ ಹೊರುವುದಿಲ್ಲ, ಬೆರಳಿನ ಯಂತ್ರವೂ ಅದರಿಂದ ಗೊಂದಲಕ್ಕೆ ಬೀಳುತ್ತದೆ. ಮರುದಿನ ರಕ್ತ ನೋಡಿ ಡೋಸ್ ಇಳಿಸಿದರು. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿರುವುದಿಲ್ಲ, ಅದಕ್ಕೇ ಬರೆಯುತ್ತೇನೆ. ಸ್ಟೀರಾಯ್ಡ್‌ನಿಂದ ಸಕ್ಕರೆ ಏರುತ್ತದೆ. ಮೂರು ತಿಂಗಳ ಸಕ್ಕರೆ ಅಂತ ನಾವು ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಡ್ಯಾಪ್ಸೋನ್ ತೆಗೆದುಕೊಳ್ಳುವವರಲ್ಲಿ ಸುಳ್ಳೇ ಕಡಿಮೆ ತೋರಿಸುತ್ತದೆ, ಯಾಕೆಂದರೆ ರಕ್ತಕಣಗಳು ಅಷ್ಟು ದಿನ ಬದುಕುವುದೇ ಇಲ್ಲ. ಎರಡೂ ಮಾತ್ರೆ ಒಟ್ಟಿಗಿದ್ದರೆ ಬೆರಳು ಚುಚ್ಚಿ ನೋಡುವುದೇ ಸರಿ.

ಚರ್ಮ ಚೆಂದ ಆದ ಮೇಲೆ

ಮೂತ್ರದ ರಿಪೋರ್ಟ್ ಬಂದದ್ದು ಗುಳ್ಳೆ ಒಣಗುತ್ತಿದ್ದ ಹೊತ್ತಿಗೆ. ಪ್ರೋಟೀನ್ ಸೋರುತ್ತಿತ್ತು, ಚೆನ್ನಾಗಿಯೇ. ಅವಳಿಗೆ ಕಾಲು ಬಾತಿರಲಿಲ್ಲ. ನೋವಿರಲಿಲ್ಲ. ಯಾವ ಸುಳಿವೂ ಇರಲಿಲ್ಲ. ಲೂಪಸ್ ಇರುವ ಸುಮಾರು ಅರ್ಧದಷ್ಟು ಜನರಿಗೆ ಯಾವಾಗಲಾದರೂ ಕಿಡ್ನಿಗೆ ತಗಲುತ್ತದೆ. ಈ ಗುಳ್ಳೆಯ ಬಗೆ ಬಂದವರಲ್ಲಿ ಕಿಡ್ನಿಯ ತೊಂದರೆಯೂ ಜೊತೆಗಿರುವುದು ಸಾಕಷ್ಟು ಸಾಮಾನ್ಯ. ಚರ್ಮದ ಡಾಕ್ಟ್ರು ಮೊದಲ ದಿನವೇ ಚೀಟಿ ಬರೆದದ್ದು ಅದಕ್ಕೆ. ಆಮೇಲೆ ಕಿಡ್ನಿ ಬಯಾಪ್ಸಿ, ಅದರಲ್ಲಿ ಕ್ಲಾಸ್ 4 (ಲೂಪಸ್ ಕಿಡ್ನಿಗೆ ತಗಲುವ ತೀವ್ರ ಬಗೆ), ಡ್ರಿಪ್‌ನಲ್ಲಿ ಸ್ಟೀರಾಯ್ಡ್, ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಮೈಕೋಫಿನೋಲೇಟ್ ಮಾತ್ರೆ. ಆ ಕಥೆ ಉದ್ದ. ಹೇಳುವಂಥ ದೃಶ್ಯಗಳೂ ಅದರಲ್ಲಿ ಇಲ್ಲ. ಮಾತ್ರೆ ನುಂಗುವುದು, ಬಾಟಲಿಯಲ್ಲಿ ಮೂತ್ರ ಹಿಡಿಯುವುದು, ಸಾಲಿನಲ್ಲಿ ಕಾಯುವುದು. ಎಳನೀರು ಹಿಡಿದು ಯಾರೂ ಬರಲಿಲ್ಲ. ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಉಳಿಯುವ ಕಸ) ಏರಿದೆ ಅಂತ ಕೇಳಿ ಮಗುವನ್ನು ಯಾರೂ ಅಜ್ಜಿಮನೆಗೆ ಕಳಿಸಲಿಲ್ಲ. ಅದು ಒಳ್ಳೆಯದೇ ಬಿಡಿ.

ಈಗ ಡ್ಯಾಪ್ಸೋನ್ ಇಳಿಸುತ್ತಾ ಬಂದಿದ್ದಾರೆ. ಈ ಗುಳ್ಳೆಗಳು ಬಹಳ ಜನರಿಗೆ ಒಂದು ವರ್ಷದೊಳಗೆ ಅಡಗುತ್ತವೆ, ಆಮೇಲೆ ಆ ಮಾತ್ರೆ ಬೇಕಾಗುವುದಿಲ್ಲ. ಗಾಯದ ಗುರುತು ಉಳಿದಿಲ್ಲ, ಅಲ್ಲಲ್ಲಿ ಕಪ್ಪು ಕಲೆ ಇದೆ, ಅದೂ ಮಾಸುತ್ತಿದೆ. ಉಳಿದಿರುವುದು ಲೂಪಸ್‌ನ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್, ಅದು ಬಹುಶಃ ಯಾವಾಗಲೂ. (2020ರ ಮಾರ್ಚ್‌ನಲ್ಲಿ ಅದು ಕೊರೊನಾಕ್ಕೆ ಮದ್ದು ಅಂತ ಸುದ್ದಿಯಾಗಿ ಜನ ಕೊಂಡು ಗುಡ್ಡೆ ಹಾಕಿದಾಗ, ನಿಜವಾಗಿ ಬೇಕಿದ್ದ ಇವಳಂಥವರಿಗೆ ಮೆಡಿಕಲ್‌ಗಳಲ್ಲಿ ಸಿಗುತ್ತಿರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.) ಕಣ್ಣಿನ ಪರೀಕ್ಷೆ ಮಾಡಿಸುತ್ತಾ ಇರಬೇಕು. ಮತ್ತೆ ಬಿಸಿಲು. ಅಂಗಳದಲ್ಲಿ ಅಡಿಕೆ ಹರಡಿ ತಿಂಗಳುಗಟ್ಟಲೆ ಒಣಗಿಸುವ ಮನೆಯಲ್ಲಿ ಸೊಸೆಗೆ ಬಿಸಿಲು ಬೇಡ ಅಂದರೆ ಅರ್ಧ ಕೆಲಸ ಬೇಡ ಅಂದ ಹಾಗೆ. ಈಗ ಬೆಳಗ್ಗೆ ಬೇಗ ಅತ್ತೆ ಹರಡುತ್ತಾರೆ, ಸಂಜೆ ತಂಗಿಯ ಗಂಡ ಒಟ್ಟು ಮಾಡುತ್ತಾರೆ. ಇವಳು ತುಂಬು ತೋಳಿನ ಅಂಗಿ, ಸನ್‌ಸ್ಕ್ರೀನ್, ಕೊಡೆ. ಚಳಿಗಾಲದಲ್ಲಿ ಕೊಡೆ ಹಿಡಿದು ನಡೆಯುವವಳು ಅಂತ ಹಿಂದಿನಿಂದ ನಗುವವರು ಇದ್ದಾರೆ.

ಅವಳಿಗೆ ಇನ್ನೊಂದು ಮಗು ಬೇಕು. ಮೈಕೋಫಿನೋಲೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಗರ್ಭ ಧರಿಸುವ ಕನಿಷ್ಠ 6 ವಾರ ಮೊದಲೇ ಅದನ್ನು ನಿಲ್ಲಿಸಿ ಅಜಥಯೋಪ್ರಿನ್‌ನಂಥದ್ದಕ್ಕೆ ಬದಲಾಯಿಸಬೇಕು, ಕಾಯಿಲೆ ಕನಿಷ್ಠ 6 ತಿಂಗಳಾದರೂ ತಣ್ಣಗಿರಬೇಕು. ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಇದನ್ನು ಮನೆಯವರಿಗೆ ಅರ್ಥ ಮಾಡಿಸಿದ್ದಾಯಿತು. ನೆಂಟರಿಗೆ ಮಾಡಿಸುವುದು ಹೇಗೆ? ಹೋದ ತಿಂಗಳು ಪುತ್ತೂರಿನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಅವಳ ಪಕ್ಕ ನಮ್ಮ ದೊಡ್ಡಮ್ಮ ಕೂತಿದ್ದರು. ಅವಳ ತೋಳು ಸವರಿ, "ಈಗ ಎಲ್ಲ ಚೆಂದ ಆಯ್ತಲ್ಲ ಮಾರಾಯ್ತಿ. ಇನ್ನೆಂತಕ್ಕೆ ತಡ ಮಾಡ್ತೀ?" ಅಂತ ಕೇಳಿದರು. ಮೊದಲಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳು. ಅವತ್ತು ನಾಲ್ಕು ಎಲೆ ಆಚೆಗೂ ಕೇಳುವ ಹಾಗೆ, "ಮೂತ್ರದಲ್ಲಿ ಪ್ರೋಟೀನ್ ಹೋಗ್ತಾ ಉಂಟು ದೊಡ್ಡಮ್ಮ" ಅಂದಳು. ಎದುರಿನ ಸಾಲಿನಲ್ಲಿ ಒಬ್ಬರು ತಿನ್ನುವುದು ನಿಲ್ಲಿಸಿದರು. ದೊಡ್ಡಮ್ಮ ಹೋಳಿಗೆ ಮುರಿಯುತ್ತಾ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಪ್ರೋಟೀನ್ ಅಂದ್ರೆ ಒಳ್ಳೇದೇ ಅಲ್ವಾ?" ಅಂತ ಕೇಳಿದರು. ಪಾಯಸ ಬರುವ ತನಕ ತಂಗಿ ಅವರಿಗೆ ಕಿಡ್ನಿ ಹೇಗೆ ಕೆಲಸ ಮಾಡುತ್ತದೆ ಅಂತ ವಿವರಿಸುತ್ತಿದ್ದಳು. ದೊಡ್ಡಮ್ಮ ನಡುನಡುವೆ ಪ್ರಶ್ನೆ ಕೇಳುತ್ತಿದ್ದರು, ಮಜ್ಜಿಗೆ ಬರುವ ಹೊತ್ತಿಗೆ ತಮ್ಮ ಮೂತ್ರ ಒಮ್ಮೆ ಪರೀಕ್ಷೆ ಮಾಡಿಸಿದರೆ ಎಷ್ಟಾಗುತ್ತದೆ ಅಂತಲೂ ಕೇಳಿದರು.